ರಾಜಾಜಿನಗರ ಅಳೆದ ಆರು ವಾರ

ಟೇಪು ಹಿಡಿದು ಊರೂರು ಅಲೆಯುವ ನಮ್ಮ ಕಸುಬಿನಲ್ಲಿ ಫಜೀತಿಗಳು ನಡೆಯುತ್ತಲೇ ಇರುತ್ತವೆ. ನನಗೆ ಮಾತ್ರ ಅವು ಕಾಲೇಜಿನಲ್ಲಿದ್ದಾಗಲೇ ಶುರುವಾದವು.

ಐವತ್ತರ ದಶಕ. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ನಾನೂ ಒಬ್ಬ ಗೆಳೆಯನೂ ಬೇಸಿಗೆ ರಜದಲ್ಲಿ ಸರ್ವೆ ಟ್ರೇನಿಂಗಿಗೆಂದು ಬೆಂಗಳೂರಿಗೆ ಬಂದೆವು. ನಾವು ಅಳೆಯಬೇಕಿದ್ದ ರಾಜಾಜಿನಗರ ಬಡಾವಣೆ ಆಗಿನ್ನೂ ಹೊಲ, ಧೂಳು, ನಡುವೆ ಹೊಸ ಮನೆಗಳ ಒಂದೆರಡು ಸಾಲು. ಆರು ವಾರ ಮುಗಿಸಿ ಸರ್ಟಿಫಿಕೇಟು ಒಯ್ಯದಿದ್ದರೆ ಮುಂದಿನ ಕ್ಲಾಸಿಲ್ಲ. ಹೋಟೆಲಿನಲ್ಲಿ ಉಣ್ಣುವ ಶಕ್ತಿ ನನಗಿರಲಿಲ್ಲ. ಅಪ್ಪ ಅವರಿವರಿಗೆ ಕಾಗದ ಬರೆದು ವಾರಾನ್ನ ಗೊತ್ತು ಮಾಡಿದ್ದರು: ದಿನಕ್ಕೊಂದು ಮನೆಯಲ್ಲಿ ಊಟ. ಒಂದು ಮನೆ ತಪ್ಪಿದರೆ ಅವತ್ತು ಏಕಾದಶಿ.

ಗೂಟ

ಮೊದಲ ದಿನ ಸೈಟಿನ ಮೂಲೆಗಳಿಗೆ ಗೂಟ ಹೊಡೆದೆವು. ಮಧ್ಯಾಹ್ನ ನೋಡಿದರೆ ಪಕ್ಕದ ಹಳ್ಳಿಯ ಅಜ್ಜಿ ಒಂದಕ್ಕೆ ಹಸು ಕಟ್ಟಿದ್ದಾಳೆ.

"ಅಜ್ಜಿ, ಅದು ಸರ್ಕಾರದ ಗೂಟ!"

"ಆಗ್ಲಿ ಬುಡಪ್ಪ, ಗಟ್ಟಿಯಾಗೈತೆ."

ಗಟ್ಟಿ ಇರಲಿಲ್ಲ. ಸಂಜೆಯೊಳಗೆ ಹಸು ಗೂಟ ಕಿತ್ತುಕೊಂಡು ಹೊರಟುಹೋಯಿತು. ಓವರ್‌ಸಿಯರ್ ಬಂದು ನಕ್ಷೆ ನೋಡಿದರು, ನೆಲ ನೋಡಿದರು.

"ಬೆಳಿಗ್ಗೆ ಇಲ್ಲಿದ್ದ ಸೈಟು ಎಲ್ರಯ್ಯಾ?"

ಗೆಳೆಯ ಕೈಕಟ್ಟಿ ಹೇಳಿದ: "ಮೇಯಕ್ಕೆ ಹೋಗಿದೆ ಸಾರ್."

ದುರ್ಬೀನು

ನಮ್ಮ ಸರ್ವೆ ದುರ್ಬೀನಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತಿತ್ತು. ಬಡಾವಣೆಗೆ ಜಮೀನು ಬಿಟ್ಟುಕೊಟ್ಟಿದ್ದ ರೈತರೊಬ್ಬರು ತಾವೂ ನೋಡಬೇಕೆಂದರು. ಕಣ್ಣಿಟ್ಟವರು ಬೆಚ್ಚಿ ಹಿಂದೆ ಸರಿದರು.

"ನನ್ನ ಹೊಲ ತಗೊಂಡ್ರಿ, ಹೋಗ್ಲಿ. ತಲೆಕೆಳಗೆ ಯಾಕ್ರಪ್ಪ ಮಾಡಿದ್ರಿ?"

ಗಾಜಿನ ಗುಣವೇ ಹಾಗೆ, ಯಾರನ್ನು ನೋಡಿದರೂ ಹಾಗೇ ಕಾಣುತ್ತಾರೆ ಎಂದು ವಿವರಿಸಿದೆವು. ಅವರು ತುಸು ಯೋಚಿಸಿದರು. ಆಮೇಲೆ ಮೆತ್ತಗೆ, "ಹಂಗಾದ್ರೆ ಒಸಿ ನಮ್ಮ ಪಟೇಲರ ಮನೆ ಕಡೆ ತಿರುಗ್ಸಿ" ಎಂದರು.

ಮಂಗಳವಾರ

ಮಂಗಳವಾರದ ಊಟಕ್ಕೆ ಅಪ್ಪ ಬರೆದಿದ್ದ ವಿಳಾಸ: 'ಹೊಸ ಸಾಲು, ಕೊನೆಯಿಂದ ನಾಲ್ಕನೇ ಮನೆ.' ಎಲ್ಲವೂ ಒಂದೇ ಅಚ್ಚಿನ ಮನೆಗಳು. ಬಾಗಿಲು ತೆಗೆದ ಅಮ್ಮನವರಿಗೆ, "ಮೈಸೂರಿಂದ ಬಂದಿದೀನಮ್ಮ, ಅಪ್ಪ ಹೇಳಿದ್ರು" ಎಂದೆ. ಅವರು ಗಂಡನ ಮುಖ ನೋಡಿದರು. ಯಜಮಾನರು ಹೆಂಡತಿಯ ಮುಖ ನೋಡಿ, "ಬಾಪ್ಪ, ಅಪ್ಪ ಚೆನ್ನಾಗಿದಾರಾ?" ಎಂದರು. ಎಲೆ ಹಾಕಿದರು. ಪಾಯಸ, ತುಪ್ಪ, ಎರಡು ಪಲ್ಯ! ವಾರವೆಲ್ಲ ನಾನು ಮಂಗಳವಾರಕ್ಕೆ ಕಾಯುವಂತಾಯಿತು.

ಆರನೇ ಮಂಗಳವಾರ, ಸರ್ಟಿಫಿಕೇಟು ಕೈಗೆ ಬಂದಿತ್ತು. ಊಟಕ್ಕೆ ಕೂರುವ ಮೊದಲು ಇಬ್ಬರಿಗೂ ಅಡ್ಡಬಿದ್ದು, "ಅಪ್ಪನ ಕಾಗದಕ್ಕೆ ಬೆಲೆ ಕೊಟ್ಟು ವಾರಾನ್ನ ಹಾಕಿದ್ರಿ. ಇಲ್ದಿದ್ರೆ ಉಪವಾಸ ಇರಕ್ಕಾಗ್ದೆ ಎಂದೋ ಊರಿಗೆ ಓಡ್ತಿದ್ದೆ" ಎಂದೆ.

"ಯಾವ ಕಾಗದ?" ಎಂದರು ಯಜಮಾನರು. "ಏನೇ, ಇವನು ನಿನ್ನ ತವರಿನ ಕಡೆ ಹುಡುಗ ಅಲ್ವಾ?"

"ಅಯ್ಯೋ, ನಿಮ್ಮ ಕಡೆಯವನಲ್ವೇನ್ರೀ?"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಪ್ಪ ಗೊತ್ತು ಮಾಡಿದ್ದ ಮನೆ ಸಾಲಿನ ಆ ಕೊನೆಯಿಂದ ನಾಲ್ಕನೆಯದು. ನಾನು ಎಣಿಸಿದ್ದು ಈ ಕೊನೆಯಿಂದ. ಎದ್ದು ಹೊರಡಲು ನೋಡಿದೆ.

ಅಮ್ಮನವರು ಗಂಡನ ಮೇಲೆ ಹರಿಹಾಯುತ್ತಿದ್ದರು. "ನಿಮ್ಮ ಕಡೆಯವರು ಆಡ್ಕೋಬಾರದು ಅಂತ ವಾರವಾರ ಪಾಯಸ ಮಾಡ್ದೆ! ನಮ್ಮ ಕಡೆಯವನಾಗಿದ್ರೆ ತಿಳಿಸಾರು ಸಾಕಾಗಿತ್ತು!" ಆಮೇಲೆ ನನ್ನ ಮುಖ ನೋಡಿ ನಗು ತಡೆಯಲಾರದೆ ಕೈಹಿಡಿದು ಕೂರಿಸಿದರು. "ಎಲ್ಲಿಗ್ಹೋಗ್ತೀಯೋ? ಕೂತ್ಕೋ. ಯಾರ ಮಗನಾದ್ರೇನು, ಇವತ್ತಿಂದ ನೀನು ನನ್ನ ಕಡೆಯವನೇ."

ಯಜಮಾನರು ಪಾಯಸದ ಪಾತ್ರೆಯನ್ನು ತಮ್ಮತ್ತ ಎಳೆದುಕೊಂಡರು.

"ಹಾಗಾದ್ರೆ ಅವನಿಗೆ ತಿಳಿಸಾರು ಬಡಿಸು."