ಕಿವಿ ಚುರುಕಿನ ಕಣಿವೆ

ಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತಿರುವಷ್ಟು ಹೊತ್ತು ನಮ್ಮ ಕೊಳ್ಳೇಗಾಲದ ನೇಕಾರರಿಗೆ ಯಾವ ತೊಂದರೆಯೂ ಇಲ್ಲ. ಆ ಕಾಲನ್ನು ಮೇಲೆತ್ತಿ ಊರಾಚೆ ಇಟ್ಟರೆ ಸಾಕು, ಏನಾದರೊಂದು ಆಗಿಯೇ ತೀರುತ್ತದೆ. ನಾನು ಜೀವನದಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆಲ್ಲ ಮಗ್ಗ ನಿಂತ ದಿನಗಳಲ್ಲೇ.

ಮಗ್ಗ ನಿಲ್ಲುವುದು ಅಮಾವಾಸ್ಯೆಗೆ. ಅವತ್ತು ನಮ್ಮ ಬೀದಿಯಲ್ಲಿ ಯಾರೂ ಲಾಳಿ ಮುಟ್ಟುವುದಿಲ್ಲ. ಮಗ್ಗಕ್ಕೆ ಪೂಜೆ ಮುಗಿಸಿದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಗಂಡಸರೆಲ್ಲ ಜಗಲಿ ಮೇಲೆ ಕೂತು ಆಕಳಿಸುತ್ತಿರುತ್ತೇವೆ. ಅರವತ್ತರ ದಶಕದ ಅಂಥದೊಂದು ಅಮಾವಾಸ್ಯೆಯ ಮಾತು ಇದು. ಹೋದವರು ನಾಲ್ಕು ಜನ. ಹೆಸರು ಹೇಳಿದರೆ ಅವರ ಮೊಮ್ಮಕ್ಕಳು ಬಂದು ನನ್ನನ್ನು ಜಗಳಕ್ಕೆ ಕರೆಯುತ್ತಾರೆ, ಆದ್ದರಿಂದ ಕೆಲಸದ ಮೇಲೆ ಗುರುತು ಕೊಡುತ್ತೇನೆ. ರೇಷ್ಮೆಗೆ ಬಣ್ಣ ಅದ್ದುವ ಬಣ್ಣದವನು. ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ನೂಲು, ಅಂದರೆ ಹಾಸು, ಮುಗಿದಾಗ ಅದರ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಗಂಟು ಹಾಕಿ ಸೇರಿಸುವ ಗಂಟಿನವನು. ನನ್ನ ಪಕ್ಕದ ಮಗ್ಗದಲ್ಲಿ ನೇಯುತ್ತಿದ್ದ, ಮದುವೆ ಗೊತ್ತಾಗಿದ್ದ ಮದುವಣಿಗ. ನಾಲ್ಕನೆಯವನು ನಾನು.

ಹೊರಟ ಕಾರಣ

ಜಗಲಿ ಮೇಲೆ ಕೂತಿದ್ದಾಗ ಮದುವಣಿಗ ಇದ್ದಕ್ಕಿದ್ದಂತೆ, "ಲೇ, ಹನೂರಿನ ಆಚ್ಗೆ ಒಂದು ಕಣಿವೆ ಅದಂತೆ. ಬಾಳ ತಂಪಂತೆ. ಓಗ್ಬುಟ್ಟು ಬರುಮಾ," ಅಂದ.

ಜಾತ್ರೆಗೆ ಕರೆದರೂ ಬಾರದ ಆಸಾಮಿ ಇವನು. ತಂಪು ಹುಡುಕಿಕೊಂಡು ಹೊರಟನೆಂದರೆ ನಂಬುವುದು ಹೇಗೆ? ಗಂಟಿನವನು, "ನಿಜ ಬೊಗಳ್ಲಾ," ಅಂದ. ಅವನು ಅತ್ತ ಇತ್ತ ನೋಡಿ ಬೊಗಳಿದ.

ಅವನಿಗೆ ಗೊತ್ತು ಮಾಡಿದ್ದ ಹುಡುಗಿ ಆ ಕಣಿವೆಯವಳು. ನಮ್ಮ ಜನವೇ, ಆದರೆ ಅವರಪ್ಪ ಚಿಕ್ಕಂದಿನಲ್ಲೇ ಮಗ್ಗ ಬಿಟ್ಟು ಅಲ್ಲಿ ಹಿಪ್ಪುನೇರಳೆ ಹಾಕಿಕೊಂಡು ರೇಷ್ಮೆ ಹುಳ ಸಾಕುತ್ತಿದ್ದರು. ಹೆಣ್ಣು ನೋಡಲು ಹಿರಿಯರು ಮಾತ್ರ ಹೋಗಿ ಬಂದಿದ್ದರು. ಗಂಡನ್ನು ಕರೆದುಕೊಂಡು ಹೋಗುವ ರೂಢಿ ನಮ್ಮಲ್ಲಿ ಆಗ ಇರಲಿಲ್ಲ. ಅವನ ತಾಯಿ ವಾಪಸ್ಸು ಬಂದು ಹೇಳಿದ್ದರಂತೆ: "ಹುಡ್ಗಿ ಲಕ್ಸಣವಾಗವಳೆ. ಆದ್ರ ಏನ್ ಕೇಳುದ್ರೂ ತುಟಿ ಅಲ್ಲಾಡ್ತು, ಸಬ್ದ ಬರ್ನಿಲ್ಲ." ಜೊತೆಗೆ ಹೋಗಿದ್ದ ಸೋದರಮಾವ, "ನಾಚ್ಕೆ ಇರ್ಬೇಕು ಬುಡಕ್ಕ," ಅಂದು ಮಾತು ಮುಗಿಸಿದ್ದರು.

ಮುಂದಿನ ವಾರ ವೀಳ್ಯಶಾಸ್ತ್ರ. ವೀಳ್ಯ ಬದಲಾಯಿಸಿದ ಮೇಲೆ ಹಿಂದೆ ಸರಿದರೆ ಎರಡು ಮನೆಯ ಮಾನವೂ ಹೋದಂತೆ.

"ಮಾತ್ ಬರ್ದೇ ಇದ್ರೂ ನಾನ್ ಒಪ್ಕತೀನಿ ಕಣ್ಲಾ," ಅಂದ ಅವನು. "ಆದ್ರ ಮದ್ಲೇ ಗೊತ್ತಾಗ್ಬೇಕಲ್ಲ. ನಂಗ್ ಸನ್ನೆ ಮಾಡಕ್ಕ್ ಬರಲ್ಲ, ಕಲ್ತ್ಕಬೇಕು."

ಮನೆಯಲ್ಲಿ ಬೆಟ್ಟದ ದೇವರಿಗೆ ಹೋಗುತ್ತೇವೆ ಅಂದೆವು. ದೇವರ ಹೆಸರು ಹೇಳಿದ್ದರಿಂದ ಅವನ ತಾಯಿ ನಾಲ್ವರಿಗೂ ಬುತ್ತಿ ಕಟ್ಟಿಕೊಟ್ಟು, "ಹುಡ್ಗೀಗೆ ಮಾತ್ ಬರ್ಲಿ ಅಂತ ಕೇಳ್ಕಂಡು ಬಾ ಮಗ," ಅಂದರು. ಅವರಿಗೆ ಗೊತ್ತಿಲ್ಲದೆಯೇ ಆ ಪ್ರಯಾಣದ ಬಗ್ಗೆ ಸತ್ಯ ನುಡಿದವರು ಅವರೊಬ್ಬರೇ.

ಕೆಂಪು ಕೈ

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಮಾವಾಸ್ಯೆಗೆ ಬೆಟ್ಟಕ್ಕೆ ಹೋಗುವವರೆಲ್ಲ ಅದರಲ್ಲೇ ಇದ್ದರು. ಬಣ್ಣದವನು ಬೀಳದಿರಲೆಂದು ಮೇಲಿನ ಕಂಬಿ ಹಿಡಿದುಕೊಂಡ. ಅಂಗಿಯ ತೋಳು ಕೆಳಗೆ ಜಾರಿತು.

ಹಿಂದಿನ ದಿನವೆಲ್ಲ ಅವನು ಮದುವೆ ಸೀರೆಯ ರೇಷ್ಮೆಗೆ ಕುಂಕುಮದ ಬಣ್ಣ ಅದ್ದಿದ್ದ. ಬೆರಳಿನ ತುದಿಯಿಂದ ಮೊಣಕೈವರೆಗೆ ಕೆಂಪೋ ಕೆಂಪು. ಕೆಳಗೆ ಕೂತಿದ್ದ ಒಬ್ಬ ಅಜ್ಜಿ ತಲೆಯೆತ್ತಿ ನೋಡಿದರು. ಅವರ ಬಾಯಲ್ಲಿದ್ದ ಎಲೆಯಡಿಕೆ ನಿಂತುಹೋಯಿತು.

"ಏನ್ ಮಾಡ್ಬುಟ್ಟು ಬಂದ್ಯಪ್ಪಾ?" ಅಂತ ಕೂಗಿಯೇಬಿಟ್ಟರು.

"ಮದ್ವೆ ಕೆಲ್ಸ ಅಜ್ಜಿ. ನೆನ್ನೆ ರಾತ್ರಿಗಂಟ ಮುಳುಗ್ಸಿ ಮುಳುಗ್ಸಿ ತೆಗ್ದು ಸಾಕಾಯ್ತು," ಅಂದ ಇವನು, ಇದ್ದುದನ್ನು ಇದ್ದ ಹಾಗೆ.

ಅಜ್ಜಿ ಗಂಟು ಎತ್ತಿಕೊಂಡು ಹಿಂದಕ್ಕೆ ಹೋದರು. ಅವರ ಪಕ್ಕದಲ್ಲಿದ್ದವರೂ ಹೋದರು. ಎದುರು ಸೀಟಿನವರಿಗೆ ಇದ್ದಕ್ಕಿದ್ದಂತೆ ನಿಂತುಕೊಂಡು ಗಾಳಿ ಕುಡಿಯಬೇಕೆನಿಸಿತು. ಹನೂರು, ಅಜ್ಜೀಪುರ ದಾಟುವವರೆಗೂ ನಾವು ನಾಲ್ಕು ಜನ ಕಾಲು ಚಾಚಿಕೊಂಡು ಹೋದೆವು. ಅವತ್ತಿನಿಂದ ಯಾವ ಬಸ್ಸು ಹತ್ತಿದರೂ ಬಣ್ಣದವನು ಮೊದಲು ಅಂಗಿಯ ತೋಳು ಮಡಚುತ್ತಿದ್ದ.

ಎದುರು ಗುಡ್ಡದ ಕಿವಿ

ಅಜ್ಜೀಪುರ ದಾಟಿದ ಮೇಲೆ ಒಂದು ಕಡೆ ಇಳಿದು ನಡೆದೆವು. ಕುರುಚಲು ಗುಡ್ಡ ಹತ್ತಿ ಇಳಿದರೆ ಕಣಿವೆ. ನಿಜಕ್ಕೂ ಚೆನ್ನಾಗಿತ್ತು. ಮೂರು ಕಡೆ ಬೆಟ್ಟ, ನಡುವೆ ಹಿಪ್ಪುನೇರಳೆ ಸೊಪ್ಪಿನ ತೋಟಗಳು, ದೂರದಲ್ಲಿ ಕೆಲವು ಮನೆ. ಗಾಳಿಗೆ ಸೊಪ್ಪು ಅಲ್ಲಾಡುತ್ತಿದ್ದರೂ ನಮ್ಮ ಕಿವಿಗೆ ಒಂದು ಸದ್ದೂ ಬೀಳದಷ್ಟು ನಿಶ್ಶಬ್ದ.

ಹುಡುಗಿಯ ಊರು ಹತ್ತಿರ ಬಂತೆಂದು ನಾವು ದನಿ ತಗ್ಗಿಸಿದೆವು. ಮದುವಣಿಗ ನನ್ನ ಕಿವಿ ಹತ್ತಿರ, "ಬಾಯಾರ್ತದೆ ಕಣ್ಲಾ, ನೀರೆಲ್ಲದೋ," ಅಂದ.

ಎದುರು ಗುಡ್ಡದಲ್ಲಿ ಮೇಕೆ ಕಾಯುತ್ತಿದ್ದವನೊಬ್ಬ ಕೋಲೆತ್ತಿ ಕೂಗಿದ: "ಅಲ್ಲೇ ಕೆಳ್ಗ್ ಓಗಿ, ಹಳ್ಳ ಅದೆ."

ನಾವು ಬೆರಗಾಗಿ ನಿಂತೆವು. ಅವನು ನೋಡಲು ಹೆಬ್ಬೆರಳಿನಷ್ಟು ಕಾಣುತ್ತಿದ್ದ. ಪರೀಕ್ಷೆ ಮಾಡೋಣವೆಂದು ಗಂಟಿನವನು ಇನ್ನೂ ಮೆಲ್ಲಗೆ, "ಅವನ್ ಮೇಕೆ ನೋಡ್ಲಾ, ಮೂಳೆ ಚಕ್ಕಳ," ಅಂದ.

"ನಿಂಗೇನ್ಲಾ ಆಗ್ಬೇಕು?" ಅಂತ ಗುಡ್ಡದಿಂದ ಬಂತು.

ನಮ್ಮ ನಮ್ಮಲ್ಲೇ ಬಹಳ ಹೊತ್ತು ವಿಚಾರ ಮಾಡಿದೆವು. ಕೊನೆಗೆ ಬಣ್ಣದವನು ತೀರ್ಮಾನ ಹೇಳಿದ: "ಬೆಟ್ಟದ್ ನೀರ್ ಕುಡ್ಯೋ ಜನಕ್ಕ ಕಿವಿ ಬಾಳ ಚುರುಕು."

ನಿದ್ದೆ

ಹಳ್ಳದ ಪಕ್ಕ ಹೊಂಗೆ ಮರದ ಕೆಳಗೆ ಬುತ್ತಿ ಬಿಚ್ಚಿ ಉಂಡೆವು. ಬಿಸಿಲು ಇಳಿಯಲೆಂದು ಟವಲು ಹಾಸಿ ಮಲಗಿದೆವು. ನಿದ್ದೆ ಬರಲಿಲ್ಲ. ಹುಟ್ಟಿದಾಗಿನಿಂದ ಮಗ್ಗದ ಸದ್ದಿನ ಪಕ್ಕದಲ್ಲೇ ಮಲಗಿ ಎದ್ದವರು ನಾವು. ಆ ಮೌನ ಎದೆ ಮೇಲೆ ಕೂತಂತಿತ್ತು. ಮಗ್ಗುಲು ಬದಲಾಯಿಸಿ ಬದಲಾಯಿಸಿ ಸಾಕಾಯಿತು.

ಕಡೆಗೆ ಗಂಟಿನವನು ಎದ್ದು ಎರಡು ಕಡ್ಡಿ ತೆಗೆದುಕೊಂಡು ಬುತ್ತಿಯ ಡಬ್ಬದ ಮೇಲೆ ಟಕ್ಕುಟಕ, ಟಕ್ಕುಟಕ ಅಂತ ಮಗ್ಗದ ಲಯಕ್ಕೆ ಬಡಿಯತೊಡಗಿದ. ಜೋಗುಳ ಹಾಡಿದಂತಾಯಿತು. ಮೂವರೂ ಗೊರಕೆ ಹೊಡೆದೆವು. ಪಾಪ, ಅವನಿಗೂ ತೂಕಡಿಕೆ ಬಂದು ಕಡ್ಡಿ ನಿಂತವು. ತಕ್ಷಣ ಮೂವರೂ ಒಟ್ಟಿಗೆ ಎದ್ದು ಕೂತೆವು. ಅಭ್ಯಾಸಬಲದಿಂದ ಮದುವಣಿಗ ಕಣ್ಣು ಮುಚ್ಚಿಕೊಂಡೇ ಕೇಳಿದ: "ಯಾವ್ ಎಳೆ ಕಿತ್ತೋಯ್ತು?"

ಗಂಟು

ಹುಡುಗಿಯ ಮನೆ ತೋಟದ ನಡುವೆ ಇತ್ತು. ಯಾರೆಂದು ಕೇಳಿದರೆ ದನದ ವ್ಯಾಪಾರಕ್ಕೆ ಬಂದವರು ಅನ್ನಬೇಕೆಂದು ಮೊದಲೇ ಮಾತಾಗಿತ್ತು. ನಮ್ಮಲ್ಲಿ ಒಬ್ಬನಿಗೂ ದನದ ಬಗ್ಗೆ ಹಾಲು ಕೊಡುತ್ತದೆ ಅನ್ನುವುದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ.

ತೋಟದ ಬೇಲಿಯಲ್ಲಿ ಒಂದು ಕಂಡಿ. ಅದಕ್ಕೆ ಅಡ್ಡ ಕಟ್ಟುವ ಹಗ್ಗ ಬಿಚ್ಚಿಕೊಂಡು ಎರಡೂ ತುದಿ ಜೋತುಬಿದ್ದಿದ್ದವು. ಗಂಟಿನವನ ಕೈ ಸುಮ್ಮನಿರಬೇಕಲ್ಲ. ಬಿಡಿ ತುದಿ ಎರಡು ಕಂಡರೆ ಅವನ ಬೆರಳು ತಾವೇ ಕೆಲಸ ಶುರುಮಾಡುತ್ತವೆ, ಅವನ ಅಪ್ಪಣೆಯನ್ನೂ ಕೇಳುವುದಿಲ್ಲ. ಕಣ್ಣು ಮಿಟುಕಿಸುವುದರೊಳಗೆ ಗಂಟು ಬಿತ್ತು. ಒಳಗಡೆಯಿಂದ ಯಜಮಾನರೊಬ್ಬರು ತಲೆ ಮೇಲೆ ಸೊಪ್ಪಿನ ಹೊರೆ ಹೊತ್ತು ಅದೇ ಕಂಡಿಗೆ ಬಂದರು. ಬಿಚ್ಚಲು ನೋಡಿದರು. ನೇಕಾರ ಹಾಕಿದ ಗಂಟು ಬಿಚ್ಚುವುದಕ್ಕೆ ಹುಟ್ಟಿದ್ದಲ್ಲ.

ಅವರೇ ಹುಡುಗಿಯ ತಂದೆ. ಏನೋ ಕೇಳಿದರು. ಅವರ ಮಾತು ಎಷ್ಟು ಮೆಲ್ಲಗೆಂದರೆ ನಾವು ನಾಲ್ವರೂ ಬೇಲಿಯ ಮೇಲೆ ಬಾಗಬೇಕಾಯಿತು. ನಾವು ಬಾಗಿದಷ್ಟೂ ಅವರು ಹಿಂದೆ ಸರಿದರು.

"ಎತ್ತು ಕೊಳ್ಳಕ್ಕೆ ಬಂದೋ ಯಜಮಾನ್ರೇ," ಅಂದೆ ನಾನು.

"ಎಷ್ಟ್ ಹಲ್ಲಿಂದು ಬೇಕು?" ಇದು ಹೇಗೋ ಕೇಳಿಸಿತು. ದನದ ವಯಸ್ಸನ್ನು ಹಲ್ಲಿನ ಲೆಕ್ಕದಲ್ಲಿ ಹೇಳುತ್ತಾರೆಂದು ನಮಗೇನು ಗೊತ್ತು?

ಬಣ್ಣದವನು ಜಿಪುಣ. ಕೊಟ್ಟ ಕಾಸಿಗೆ ಪೂರ್ತಿ ಮಾಲು ಬರಬೇಕು. "ಎಲ್ಲಾ ಹಲ್ಲೂ ಇರೋದೇ ಕೊಡಿ," ಅಂದ.

"ದನಕ್ಕ ಮೇಲ್ಗಡೆ ಮುಂದಿನ ಹಲ್ಲೇ ಇರಕಿಲ್ವಲ್ಲಪ್ಪ."

"ಹಂಗಾದ್ರ ಕೆಳಗಿನವು ಸಾಕು, ರೇಟು ಅರ್ಧ ಮಾಡ್ಕಳಿ."

ಯಜಮಾನರು ಹೊರೆ ಇಳಿಸಿ, ಕುಡುಗೋಲಿನಿಂದ ಹಗ್ಗ ಕೊಯ್ದು, ಗಂಟನ್ನು ಕೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ನಮ್ಮ ಕಡೆ ತಿರುಗಿ ಮತ್ತೇನೋ ಅಂದರು. ಅವರು ಅಂದದ್ದು, "ಎತ್ತಿನ್ ವ್ಯಾಪಾರದೋರು ಇಂತಾ ಗಂಟು ಹಾಕಲ್ಲ, ಇದು ಕೊಳ್ಳೇಗಾಲದ್ ಮಗ್ಗದ ಗಂಟು," ಅಂತ. ಅದು ನಮಗೆ ತಿಳಿದದ್ದು ಆಮೇಲೆ. ಅವತ್ತು ಒಂದಕ್ಷರವೂ ಕೇಳಿಸಲಿಲ್ಲವಾದ್ದರಿಂದ ನಾಲ್ವರೂ ಗಂಭೀರವಾಗಿ ತಲೆಯಾಡಿಸಿ, "ಹೂಂ, ಅದೇ ತಳಿ ಬೇಕಾಗಿತ್ತು," ಅಂದೆವು.

ಸೊಪ್ಪಿನ ಸಾಲಿನಲ್ಲಿ

ಯಜಮಾನರು ನಕ್ಕು ಮಜ್ಜಿಗೆ ತರಲು ಒಳಗೆ ಹೋದರು. ನಾವು ಸೊಪ್ಪಿನ ಗಿಡಗಳ ಪಕ್ಕ ಕುಕ್ಕರುಗಾಲಲ್ಲಿ ಕೂತು, ಯಾರಿಗೂ ಕೇಳಬಾರದೆಂದು ತಲೆಗೆ ತಲೆ ಸೇರಿಸಿ ಪಿಸುಗುಟ್ಟಿದೆವು.

"ಹುಡ್ಗಿ ಕಂಡಾಗ ಹಾವು ಅಂತ ಕಿರುಚ್ತೀನಿ," ಅಂದ ಬಣ್ಣದವನು. "ಬಾಯಿದ್ರ ಅವ್ಳೂ ಕಿರುಚ್ತಾಳೆ."

"ಹಾವ್ ಬ್ಯಾಡ ಕಣ್ಲಾ, ಹೆದ್ರುಕತಾಳೆ," ಅಂದ ಮದುವಣಿಗ.

"ನೀರ್ ಕೇಳುಮಾ," ಅಂದ ಗಂಟಿನವನು. "ತಕಳಿ ಅಂದ್ರ ಮಾತ್ ಬತ್ತದೆ. ಸುಮ್ಕೆ ಕೊಟ್ರ ಇಲ್ಲ."

ಮದುವಣಿಗ ಮಣ್ಣಿನಲ್ಲಿ ಗೆರೆ ಎಳೆಯುತ್ತ, "ಏನೂ ಕೇಳದ್ ಬ್ಯಾಡ ಬುಡ್ರಲಾ. ನಂಗ್ಯಾಕೋ ನಾಚ್ಕೆ ಆಯ್ತದೆ. ಪಾಪ ಆ ಹುಡ್ಗೀನ ದನ ನೋಡ್ದಂಗೆ ನೋಡಕ್ ಬಂದಿದ್ದೀವಿ. ಮಾತ್ ಬರ್ದಿದ್ರ ನನ್ ಮಾತಾರ ಕೇಳ್ತಾಳೆ, ಇಬ್ಬರ್ಗೂ ಸೇರಿ ನಾನೇ ಮಾತಾಡ್ತೀನಿ. ನಡೀರಿ ಮನೆಗೆ," ಅಂದ. ಅವನನ್ನು ಅಷ್ಟು ವರ್ಷ ಬಲ್ಲ ನನಗೆ ಆ ಗಳಿಗೆಯಲ್ಲಿ ಅವನ ಮೇಲೆ ನಿಜಕ್ಕೂ ಅಭಿಮಾನ ಬಂತು.

ಎದ್ದು ನಿಂತೆವು. ಎರಡೇ ಸಾಲಿನಾಚೆ ಸೊಪ್ಪಿನ ಕುಕ್ಕೆ ಸೊಂಟಕ್ಕಿಟ್ಟುಕೊಂಡು ಒಬ್ಬ ಹುಡುಗಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ನಮ್ಮನ್ನು ನೋಡಿ ತುಟಿ ಅಲ್ಲಾಡಿಸಿದಳು. ಸದ್ದು ಬರಲಿಲ್ಲ.

ಮದುವಣಿಗನ ಮುಖ ಬಿಳಿಚಿಕೊಂಡಿತು. ಅವಳು ಇನ್ನೊಮ್ಮೆ ತುಟಿ ಅಲ್ಲಾಡಿಸಿದಳು. ಆಗಲೂ ಇಲ್ಲ. ಅವನು ತನಗೆ ಬಾರದ ಸನ್ನೆ ಮಾಡಲು ಎರಡು ಕೈಯನ್ನೂ ಮೇಲೆತ್ತಿ, ಏನು ಮಾಡಬೇಕೆಂದು ತಿಳಿಯದೆ ನಮಸ್ಕಾರ ಮಾಡಿದ.

ಅವಳು ಕುಕ್ಕೆ ಕೆಳಗಿಟ್ಟಳು. ಗುಡ್ಡದಿಂದ ಗುಡ್ಡಕ್ಕೆ ಕರೆಯುವವರು ಮಾಡುವಂತೆ ಎರಡು ಅಂಗೈಯನ್ನು ಬಾಯಿಗೆ ಹಿಡಿದು, ಕಣಿವೆಯೆಲ್ಲ ಮೊಳಗುವಂತೆ ಕೂಗಿದಳು: "ನಂಗ್ ಮಾತ್ ಬತ್ತದೆ. ನಿಮ್ಮಲ್ ಯಾರ್ಗಾರ ಕಿವಿ ಕೇಳ್ತದಾ?"

"ಕೇಳ್ತದೆ ಕಣವ್ವಾ, ನಂಗ್ ಕೇಳ್ತದೆ," ಅಂತ ಎದುರು ಗುಡ್ಡದಿಂದ ಮೇಕೆ ಕಾಯುವವನು ಉತ್ತರ ಕೊಟ್ಟ.

ಮಜ್ಜಿಗೆ ಚೆಂಬು ಹಿಡಿದು ಬಂದ ಯಜಮಾನರು ಈಗ ನಮ್ಮ ಅಳತೆಗೆ ದನಿ ಏರಿಸಿ ಎಲ್ಲ ಹೇಳಿದರು. ಹುಳ ಜ್ವರಕ್ಕೆ ಕೂತಾಗ, ಅಂದರೆ ಮೇವು ಬಿಟ್ಟು ಪೊರೆ ಬದಲಿಸುವಾಗ, ಅವರ ಮನೆಯಲ್ಲಿ ಯಾರೂ ದನಿ ಎತ್ತುವುದಿಲ್ಲ. ಅದೇ ಅವರಿಗೆ ಅಭ್ಯಾಸವಾಗಿತ್ತು. ಹೆಣ್ಣು ನೋಡಲು ಬಂದ ದಿನ ಹುಡುಗಿ ಎಲ್ಲದಕ್ಕೂ ಉತ್ತರ ಕೊಟ್ಟಿದ್ದಳು, ಮಗ್ಗದ ಪಕ್ಕ ಸವೆದ ನಮ್ಮವರ ಕಿವಿಗೆ ಒಂದೂ ಬಿದ್ದಿರಲಿಲ್ಲ. "ನಿಮ್ಮೋರೆಲ್ಲ ಕಿವುಡು, ಗಂಡೂ ಹಂಗೇ ಇರ್ಬೇಕು ಅಂತ ನಾವೇ ವೀಳ್ಯ ನಿಲ್ಸನಾ ಅಂತಿದ್ದೋ," ಅಂದರು. "ಇವತ್ತು ನೀವ್ ಹಳ್ಳದತ್ರ ಬಂದಾಗ್ಲಿಂದ ನಿಮ್ ಗುಟ್ಟೆಲ್ಲಾ ಊರ್ಗೇ ಕೇಳ್ತಾ ಅದೆ. ನಡೀರಿ ಮನೆಗೆ ಅಂದೋನು ಯಾರಪ್ಪ?"

ನಾವು ಮೂವರೂ ಮದುವಣಿಗನ ಕಡೆ ಕೈ ತೋರಿಸಿದೆವು. ಯಜಮಾನರು ಮೊದಲ ಲೋಟ ಮಜ್ಜಿಗೆ ಅವನಿಗೆ ಕೊಟ್ಟರು. ಹುಡುಗಿ ಅವನನ್ನೇ ನೋಡುತ್ತಿದ್ದಳು. ಇವನು ಲೋಟ ಹಿಡಿದುಕೊಂಡು ಅವಳ ಕಡೆ ತಿರುಗಿ, ಇಷ್ಟೆಲ್ಲ ಆದ ಮೇಲೆ, "ಆಗ್ಲೇ ಏನಂದ್ರಿ?" ಅಂದ.

ಬಣ್ಣದವನು ಕೆಂಪು ಕೈಯಿಂದ ಹಣೆ ಚಚ್ಚಿಕೊಂಡ. ಹುಡುಗಿ ಸಾಲು ದಾಟಿ ಹತ್ತಿರ ಬಂದು, ನಗು ತಡೆದುಕೊಂಡು, ಅವನೊಬ್ಬನಿಗೇ ಕೇಳುವಂತೆ ಮತ್ತೊಮ್ಮೆ ಹೇಳಿದಳು.

ವೀಳ್ಯ ಆಯಿತು, ಮದುವೆ ಆಯಿತು, ಮಕ್ಕಳೂ ಆದವು. ನಾವು ಅವನನ್ನು ಕೆಪ್ಪ ಕೆಪ್ಪ ಅಂತ ಛೇಡಿಸಿದಾಗಲೆಲ್ಲ ಅವನದು ಒಂದೇ ಉತ್ತರ: "ನಂಗ್ ಮದ್ಲೇ ಕೇಳಿತ್ತು ಕಣ್ಲಾ. ಇನ್ನೊಂದ್ಸಲ ಮಾತಾಡ್ಲಿ ಅಂತ ಹಂಗಂದೆ."

ನಾವು ಮೂವರೂ ಇದನ್ನು ಇವತ್ತಿಗೂ ನಂಬಿಲ್ಲ. ಅವನ ಹೆಂಡತಿ ನಂಬಿದ್ದಾಳೆ. ಅವಳು ಒಳಗಿನಿಂದ ಊಟಕ್ಕೆ ಕರೆದರೆ ಅವನು ಮೊದಲ ಕೂಗಿಗೆ ಏಳುವುದೇ ಇಲ್ಲ.