ಯಂತ್ರದ ನೆತ್ತಿಯ ಹಸಿರು ಪೊಟ್ಟಣ

ದೌಲಿಯು ಪಟ್ಟಣದ ಸೋಯಾ ಸಾಸ್ ಕಾರ್ಖಾನೆಯ ಚರಿತ್ರೆಯನ್ನು ಎರಡು ಯುಗಗಳಾಗಿ ವಿಂಗಡಿಸಬೇಕಾಗುತ್ತದೆ: ಚಿಯು ವೆನ್-ಹುಂಗ್ ಪೊಟ್ಟಣ ತಿನ್ನುವ ಮುಂಚಿನದು ಮತ್ತು ತಿಂದ ನಂತರದ್ದು.

ಶುಕ್ರವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದಿದ್ದ ಮೆಕ್ಯಾನಿಕ್ ಚಿಯು, ಬಾಟಲಿ ತುಂಬುವ ಯಂತ್ರದ ನೆತ್ತಿಯ ಮೇಲಿದ್ದ ಹಸಿರು ಪೊಟ್ಟಣ ಹರಿದು, ತೆಂಗಿನ ರುಚಿಯ ಜೋಳದ ಕುರುಕಲನ್ನು ಚೂರೂ ಬಿಡದೆ ತಿಂದುಬಿಟ್ಟ.

ಆ ತಿಂಡಿಯ ಹೆಸರಿಗೆ 'ಜಾಣಮರಿ' ಎಂದರ್ಥ. ಮೇಲಿಟ್ಟರೆ ಯಂತ್ರ ಹಟ ಮಾಡುವುದಿಲ್ಲವಂತೆ. ಹಸಿರೇ ಆಗಬೇಕು; ಹಳದಿ ಇಟ್ಟರೆ ಮುನಿಸಿಕೊಳ್ಳುತ್ತದೆ, ಕೆಂಪು ಇಟ್ಟರೆ ನಿಂತೇಬಿಡುತ್ತದೆ. ಪೊಟ್ಟಣದ ಎಕ್ಸ್‌ಪೈರಿ ತಾರೀಕು ಮುಗಿಯುವ ತನಕ ಅದರ ಮಹಿಮೆ ಇರುತ್ತದಂತೆ. ಮೊದಲು ಇಟ್ಟವರು ಯಾರೆಂದು ಯಾರಿಗೂ ನೆನಪಿಲ್ಲ. ಒಂದು ಯಂತ್ರದಿಂದ ಇನ್ನೊಂದಕ್ಕೆ, ಅಲ್ಲಿಂದ ಲಿಫ್ಟಿಗೆ, ಜೆರಾಕ್ಸ್ ಮೆಷಿನ್ನಿಗೆ, ಕ್ಯಾಂಟೀನಿನ ಕುಕ್ಕರಿಗೆ ಅದು ನೆಗಡಿಯ ಹಾಗೆ ದಾಟಿತ್ತು. ನಂಬದವರೂ ಇಡುತ್ತಿದ್ದರು. ಇಡದೆ ಕೆಟ್ಟುಹೋದರೆ ಬೈಸಿಕೊಳ್ಳುವವರು ಯಾರು?

ಇದನ್ನೆಲ್ಲ ಕಂಡು ನಗುತ್ತಿದ್ದವನು ಚಿಯು ಒಬ್ಬನೇ. ಆದರೆ ಅವತ್ತು ಅವನು ಸಂಜೆ ಆರರ ರೈಲಿಗೆ ತೈತುಂಗಿಗೆ ಹೊರಡಬೇಕಿತ್ತು. ಮರುದಿನ ಅಲ್ಲಿ ಅವನ ನಿಶ್ಚಿತಾರ್ಥ. ಈಗಾಗಲೇ ಎರಡು ಸಲ ಮುಂದೂಡಿಯಾಗಿತ್ತು. ಈ ಸಲವೂ ಬರದಿದ್ದರೆ ಮಗಳನ್ನು ಹಲ್ಲಿನ ಡಾಕ್ಟರಿಗೆ ಕೊಡುತ್ತೇನೆಂದು ಹುಡುಗಿಯ ತಾಯಿ ಹೇಳಿದ್ದರು. ರಜಾಚೀಟಿಗೆ ಸಹಿ ಹಾಕುವಾಗ ಮೇಲ್ವಿಚಾರಕ ತು ಸಾಹೇಬರು, "ಸಂಜೆವರೆಗೆ ಮೆಷಿನ್ ನಿಲ್ಲಬಾರ್ದು ನೋಡಪ್ಪ," ಎಂದಿದ್ದರು.

ಹತ್ತು ಗಂಟೆಗೆ, ಲೇಬಲ್ ಅಂಟಿಸುವ ಯೂ-ಚೆನ್ ಅಕ್ಕ ತಲೆಯೆತ್ತಿ ನೋಡಿದಳು.

"ಪೊಟ್ಟಣ ಎಲ್ಲೋ?"

"ಹಳೇದಾಗಿತ್ತು ಅಕ್ಕ. ಹೊಸದು ತರ್ತೀನಿ."

"ಮೆಷಿನ್ ನಡೀತಿರೋವಾಗ ತೆಗೆದ್ಯಾ? ಮಲಗಿರೋ ಹುಲಿ ಮೀಸೆ ಕೀಳೋಕೆ ಹೋಗೋನು ನೀನು."

ಚಿಯು ನಗುತ್ತಲೇ ಎದುರಿನ ಅಂಗಡಿಗೆ ಹೋದ. ಅಲ್ಲಿ ಹಳದಿ ಮಾತ್ರ ಇತ್ತು.

"ಹಸಿರು ಖಾಲಿ," ಎಂದಳು ಅಂಗಡಿಯ ಅಜ್ಜಿ. ಅವನ ಮುಖವನ್ನೇ ನೋಡಿದಳು. "ತುಟಿ ಮೇಲೆ ಪುಡಿ ಐತಲ್ಲೋ. ತಿಂದ್ಯಾ?"

ಚಿಯು ತುಟಿ ಒರೆಸಿಕೊಂಡ.

"ಶ್ಯಾವಿಗೆ ಕಾರ್ಖಾನೇಲೂ ಒಬ್ಬ ತಿಂದಿದ್ದ. ಮಧ್ಯಾಹ್ನದ ತನಕ ಮೆಷಿನ್ ಚೆನ್ನಾಗೇ ಓಡ್ತು. ಆಮೇಲೆ ಅವನ ಎರಡು ಬೆರಳು ತಗೊಂತು."

ಇನ್ನೂ ಮೂರು ಅಂಗಡಿ ಅಲೆದು ಬರಿಗೈಯಲ್ಲಿ ಬಂದಾಗ ಕೆಲಸಗಾರರೆಲ್ಲ ಯಂತ್ರದಿಂದ ಮಾರು ದೂರದಲ್ಲಿ ಊದುಬತ್ತಿ ಹಿಡಿದು ನಿಂತಿದ್ದರು. ಅಜ್ಜಿಯ ಮಾತು ಅವನಿಗಿಂತ ಮುಂಚೆ ರಸ್ತೆ ದಾಟಿತ್ತು. ಬರುವ ದಾರಿಯಲ್ಲಿ ಎರಡು ಬೆರಳು ಒಂದು ಕೈಯಾಗಿತ್ತು. ಯಾರು ತಿಂದರೆಂಬುದನ್ನು ಮಾತ್ರ ಅಜ್ಜಿ ಬಾಯಿ ಬಿಟ್ಟಿರಲಿಲ್ಲ.

"ಚೆನ್ನಾಗೇ ಓಡ್ತಿದೆಯಲ್ಲ," ಎಂದ ಚಿಯು.

"ಅದಕ್ಕೇ ಭಯ," ಎಂದಳು ಅಕ್ಕ. "ದಿನಾ ಎರಡು ಸಲನಾದ್ರೂ ಕೆಮ್ಮಿ ನಿಲ್ಲೋದು. ಇವತ್ತು ಉಸಿರೇ ಇಲ್ಲ. ಏನೋ ಯೋಚನೆ ಮಾಡ್ತಿದೆ."

ಚಿಯುವಿಗೂ ಹಾಗೆಯೇ ಅನ್ನಿಸತೊಡಗಿತು. ಎಣ್ಣೆ ಬಿಡಲು ಕೈ ಚಾಚಿದವನು ಬೆರಳುಗಳನ್ನು ಎಣಿಸಿಕೊಂಡು ಹಿಂದೆ ತೆಗೆದ. ಹೊಟ್ಟೆಯೊಳಗೆ ಜೋಳ ಗುಡುಗುಡು ಎಂದಾಗಲೆಲ್ಲ ಯಂತ್ರವೇ ಮಾತಾಡಿತೆಂದು ಬೆಚ್ಚುತ್ತಿದ್ದ. ಐದು ಗಂಟೆಯವರೆಗೆ ಅದು ಒಮ್ಮೆಯೂ ನಿಲ್ಲಲಿಲ್ಲ. ಆರು ವರ್ಷದಲ್ಲಿ ಅಂಥ ದಿನ ಬಂದಿರಲಿಲ್ಲ.

ಆಗ ಅವನಿಗೆ ಧೈರ್ಯ ಬಂತು. ಎಲ್ಲರ ಮುಂದೆ ತು ಸಾಹೇಬರ ಎದುರು ನಿಂತ.

"ಸಾರ್, ಪೊಟ್ಟಣ ತಿಂದಿದ್ದು ನಾನೇ. ಬೆಳಿಗ್ಗೆ ಒಂಬತ್ತಕ್ಕೆ. ಏನಾದ್ರೂ ಆಯ್ತಾ? ಇದೆಲ್ಲ ಬರೀ ಭ್ರಮೆ ಸಾರ್."

ಸಾಹೇಬರು ಯಂತ್ರವನ್ನು ನೋಡಿದರು, ಚಿಯುವಿನ ಹೊಟ್ಟೆಯನ್ನು ನೋಡಿದರು.

"ಪೊಟ್ಟಣ ಹೊರಗಿದ್ದಾಗ ಮೆಷಿನ್ ದಿನಕ್ಕೆರಡು ಸಲ ಕೆಡ್ತಿತ್ತು," ಎಂದರು ಮೆಲ್ಲಗೆ. "ಒಳಗೆ ಹೋದ್ಮೇಲೆ ಒಂದ್ಸಲಾನೂ ಇಲ್ಲ."

ಯೂ-ಚೆನ್ ಅಕ್ಕ ಕೈ ಮುಗಿದಳು. ಯಾರೋ ಒಂದು ಕುರ್ಚಿ ತಂದು ಯಂತ್ರಕ್ಕೆ ತಾಗಿಸಿ ಇಟ್ಟರು. ಇನ್ನೊಬ್ಬ ಕಸದ ಬುಟ್ಟಿಯಿಂದ ಖಾಲಿ ಪೊಟ್ಟಣ ಹೆಕ್ಕಿ, ಕಣ್ಣು ಕಿರಿದು ಮಾಡಿ ಓದಿದ: "ಎಕ್ಸ್‌ಪೈರಿ ಬರೋ ಆಗಸ್ಟ್ ಹದಿನೇಳು ಸಾರ್. ಇನ್ನೂ ಒಂಬತ್ತು ತಿಂಗಳಿದೆ."

"ಅಲ್ಲೀವರೆಗೆ ರಜಾ ಇಲ್ಲ," ಎಂದು ಸಾಹೇಬರು ಚೀಟಿ ಹರಿದರು.

"ನಿಮಗೆಲ್ಲ ಹುಚ್ಚು," ಎಂದ ಚಿಯು. ಬ್ಯಾಗನ್ನು ಹೆಗಲಿಗೇರಿಸಿ ದಾಪುಗಾಲಲ್ಲಿ ಬಾಗಿಲವರೆಗೆ ಹೋದ. ಯಾರೂ ತಡೆಯಲಿಲ್ಲ.

ಹೊಸ್ತಿಲ ಮೇಲೆ ಅವನು ಕಾಲಿಟ್ಟಾಗ ಹಿಂದೆ ಯಂತ್ರ ಒಮ್ಮೆ ಕೆಮ್ಮಿತು.

ಚಿಯು ಹೊಸ್ತಿಲ ಮೇಲಿನ ಕಾಲನ್ನು ಹಿಂದೆ ತೆಗೆದ. ಆಮೇಲೆ ವಾಪಸು ಬಂದು ಕುರ್ಚಿಯಲ್ಲಿ ಕುಳಿತ.

ಹುಡುಗಿಯನ್ನು ಹಲ್ಲಿನ ಡಾಕ್ಟರಿಗೆ ಕೊಟ್ಟರು.