ನಿಂತಲ್ಲೇ ಸವೆದ ಬ್ರೇಕ್ ಪ್ಯಾಡು

ಮೇಷ್ಟ್ರು: ಓಡದೇ ಇರೋ ಗಾಡಿಯ ಬ್ರೇಕ್ ಪ್ಯಾಡು ಸವೆಯುತ್ತೇನಯ್ಯ? ಅದನ್ನ ಮೊದಲು ಹೇಳು. ಯಾಕೆ ಸುಮ್ಮನಿದೀಯ? ಬಾಯಲ್ಲಿ ಏನಿಟ್ಕೊಂಡಿದೀಯ?

ಮೆಕ್ಯಾನಿಕ್: (ಅಂಗೈಗೆ ಉಗಿದು) ನಟ್ಟು ಸಾರ್.

ಮೇಷ್ಟ್ರು: ಮಾತು ನುಂಗಬೇಡ.

ಮೆಕ್ಯಾನಿಕ್: ಮಾತು ನುಂಗಿದ್ರೆ ಪರವಾಗಿಲ್ಲ ಸಾರ್, ನಟ್ಟು ನುಂಗಿದ್ರೆ ಕಷ್ಟ. ಈ ಗಾಡಿಗೆ ಅದೂ ಎಲ್ಲೂ ಸಿಗಲ್ಲ.

ಮನೆಗೆ ಅಂಟಿಕೊಂಡ ಶೆಡ್ಡು. ಅದರೊಳಗೆ ಮುಂದಿನ ಒಂದು ಚಕ್ರ ಬಿಚ್ಚಿಸಿಕೊಂಡು ಜಾಕಿನ ಮೇಲೆ ನಿಂತ ಹಳೆಯ ಬಿ.ಎಂ.ಡಬ್ಲ್ಯೂ. ಯಾರೋ ಗುಜರಿಗೆ ಹಾಕಲಿದ್ದುದನ್ನು ಮೇಷ್ಟ್ರು ತಂದು, ಮಗುವಿನ ಹಾಗೆ ಸಾಕಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು. ಸವೆದು ಹಾಳೆಯಂತಾಗಿದ್ದ ಪ್ಯಾಡನ್ನು, ಸೊನ್ನೆ ಬಂದ ಉತ್ತರಪತ್ರಿಕೆ ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದು ಆಡಿಸುತ್ತಿದ್ದರು.

ಅಡುಗೆಮನೆಯಿಂದ ಶೆಡ್ಡಿಗೆ ಬರುವ ಬಾಗಿಲಲ್ಲಿ ಅವರ ಹೆಂಡತಿ ಟೀ ಹಿಡಿದು ನಿಂತಿದ್ದಳು. ಒಂದು ಹೆಜ್ಜೆ ಮುಂದಿಟ್ಟು ಮತ್ತೆ ಹಿಂದಕ್ಕೆ ಸರಿದಳು. ಸರಿಯದೆ ಏನು? ಆ ಪ್ಯಾಡು ಸವೆಸಿದವಳು ಅವಳೇ. ಮೇಷ್ಟ್ರು ಹಳೆ ಕಾರು ಸಂಘದ ಅಧ್ಯಕ್ಷರು. ಪ್ರತಿ ಭಾನುವಾರ ಬಸ್ಸು ಹತ್ತಿ ಸಭೆಗೆ ಹೋಗಿ, "ಗಾಡಿ ಉಳಿಯಬೇಕೆಂದರೆ ಓಡಿಸಬಾರದು" ಎಂದು ಭಾಷಣ ಮಾಡಿ, ಬಸ್ಸು ಹತ್ತಿ ಮನೆಗೆ ಬರುತ್ತಿದ್ದರು. ಆ ಹೊತ್ತಿನಲ್ಲಿ ಕಾರು ಎಲ್ಲೆಲ್ಲಿ ತಿರುಗಿ ಬರುತ್ತದೆಂಬುದು ಮನೆಯಾಕೆಗೆ ಗೊತ್ತಿತ್ತು, ಮೆಕ್ಯಾನಿಕ್‌ಗೆ ಗೊತ್ತಿತ್ತು, ಪೆಟ್ರೋಲ್ ಬಂಕಿನವನಿಗೆ ಗೊತ್ತಿತ್ತು. ಊರಿಗೆಲ್ಲ ಗೊತ್ತಿದ್ದ ಗುಟ್ಟು ಗೊತ್ತಿಲ್ಲದವರು ಅಧ್ಯಕ್ಷರೊಬ್ಬರೇ.

ಮೇಷ್ಟ್ರು: ಈ ಪ್ಯಾಡು ತರಿಸೋಕೆ ನಾನು ಪಟ್ಟ ಕಷ್ಟ ನಿಂಗೇನು ಗೊತ್ತು? ಸಮುದ್ರದಾಚೆ ಯಾವನೋ ಮುದುಕನ ಗೋಡೌನಲ್ಲಿತ್ತು. ಗಾಡಿ ಫೋಟೋ ಕಳಿಸು ಅಂದ, ಕಳಿಸಿದೆ. ಚಾಸಿ ನಂಬರು ಕೇಳಿದ, ಕೊಟ್ಟೆ. ಕೊನೆಗೆ ನನ್ನ ಫೋಟೋನೂ ಕೇಳಿದ.

ಹೆಂಡತಿ: ನಿಮ್ಮದ್ಯಾಕಂತೆ?

ಮೇಷ್ಟ್ರು: ಸಾಮಾನು ಒಳ್ಳೆ ಮನೆಗೆ ಹೋಗ್ತಿದೆಯಾ ಅಂತ ನೋಡೋಕೆ.

ಹೆಂಡತಿ: ನೋಡಿದ ಮೇಲೂ ಕಳಿಸಿದ್ನಾ?

ಮೇಷ್ಟ್ರು: ನೀನು ಟೀ ಕೊಟ್ಟು ಒಳಗೆ ಹೋಗು. ಹೇಳಯ್ಯ, ಹೇಗೆ ಸವೆಯಿತು?

ಮೆಕ್ಯಾನಿಕ್: ನಿಂತ ಗಾಡೀನೂ ಸವೆಯುತ್ತೆ ಸಾರ್. ಗಾಳಿ, ಧೂಳು...

ಮೇಷ್ಟ್ರು: ಗಾಳಿ ಬ್ರೇಕ್ ಹಾಕುತ್ತಾ?

ಮೆಕ್ಯಾನಿಕ್: ಇಲಿ ಇರಬಹುದು.

ಮೇಷ್ಟ್ರು: ಇಲಿ ಬ್ರೇಕ್ ಹಾಕುತ್ತಾ?

ಮೆಕ್ಯಾನಿಕ್: ಕಡಿಯುತ್ತೆ ಅಂದೆ ಸಾರ್.

ಮೇಷ್ಟ್ರು: ಎರಡೂ ಕಡೆ ಸಮವಾಗಿ, ಇಸ್ತ್ರಿ ಹಾಕಿದ ಹಾಗೆ ಕಡಿಯುತ್ತಾ? ಅದೇನು ಇಲಿನಾ, ಇಂಜಿನಿಯರಾ?

ಮೆಕ್ಯಾನಿಕ್ ತಲೆ ಕೆರೆದುಕೊಂಡ. ತಲೆಗೆ ಗ್ರೀಸು ಹತ್ತಿತು. ಅವನ ಪಾಡು ಅತ್ತ ದರಿ, ಇತ್ತ ಪುಲಿ. ನಿಜ ಹೇಳಿದರೆ ಮನೆಯಮ್ಮನಿಗೆ ದ್ರೋಹ, ಹೇಳದಿದ್ದರೆ ಹೊಟ್ಟೆಪಾಡಿಗೆ ಕುತ್ತು. ಮಾತು ಬೇರೆ ಕಡೆ ತಿರುಗಿಸೋಣವೆಂದು ಅಭ್ಯಾಸಬಲದಿಂದ ಬಾಯಿಬಿಟ್ಟ.

ಮೆಕ್ಯಾನಿಕ್: ಅಮ್ಮಾ, ಎರಡನೇ ಗೇರು ಈಗ ಹೇಗೆ ಬೀಳ್ತಿದೆ?

ಹೆಂಡತಿ: ಮೊದಮೊದಲು ಸ್ವಲ್ಪ ಮೊಂಡು ಮಾಡುತ್ತೆ ಕಣಪ್ಪ. ಬಿಸಿಯಾದ ಮೇಲೆ ಸಲೀಸು.

ಮೆಕ್ಯಾನಿಕ್ ಮೆಲ್ಲಗೆ ಕಾರಿನ ಅಡಿಗೆ ಜಾರಿದ. ಸಿಕ್ಕಿಬಿದ್ದೆ, ಇನ್ನು ಕೀಲಿಕೈ ಬೀರುವಿನೊಳಗೆ, ನಾನು ಅಡುಗೆಮನೆಯೊಳಗೆ ಎಂದು ಆಕೆ ಅಂದುಕೊಂಡಳು.

ಮೇಷ್ಟ್ರು: (ಹೆಮ್ಮೆಯಿಂದ) ಕೇಳಿದ್ಯೇನಯ್ಯ? ನಾನು ಮನೇಲಿ ಆಡೋದನ್ನ ಕೇಳಿ ಕೇಳಿ ಇವಳಿಗೂ ನಾಲ್ಕು ಮಾತು ಬಂದಿದೆ. ಗಿಳಿಗೆ ಬರುತ್ತಲ್ಲ, ಹಾಗೆ.

ಆಕೆ ಬದುಕಿದೆಯಾ ಬಡಜೀವವೇ ಎಂದು ಉಸಿರುಬಿಡಬೇಕಿತ್ತು. ಬಿಡಲಿಲ್ಲ. ಗಿಳಿ ಎಂಬ ಮಾತಿಗೆ ತಿರುಗಿ ನಿಂತಳು.

ಹೆಂಡತಿ: ಗಿಳಿನಾ?

ಮೇಷ್ಟ್ರು: ಹೊಗಳಿದೆ ಕಣೇ.

ಮೇಷ್ಟ್ರು ಪತ್ತೇದಾರಿಕೆಗೆ ಇಳಿದರು. ಬಾಗಿಲು ತೆರೆದು ಸ್ಟೀರಿಂಗ್ ಮುಂದೆ ಕೂರಲು ಹೋದರು. ಆಮೇಲೆ ಕೇಳಿಸಿದ್ದು "ಅಯ್ಯಯ್ಯಪ್ಪಾ!" ಎಂಬ ಕೂಗು.

ಮೇಷ್ಟ್ರು: ನನ್ನ ಮೊಣಕಾಲು! ಸೀಟು ಮುಂದಕ್ಕೆ ಬಂದಿದೆ! ಕಳ್ಳ ಸಿಕ್ಕಿದ! ಅವನು ಕುಳ್ಳ!

ಮೆಕ್ಯಾನಿಕ್: (ಕಾರಿನಡಿಯಿಂದ, ಆಸೆಯಿಂದ) ನಾನು ಉದ್ದ ಇದೀನಿ ಸಾರ್.

ಮೇಷ್ಟ್ರು: ಅದೇ ನೋಡು, ನಿನ್ನ ಜೊತೆ ಯಾವನೋ ಕುಳ್ಳ ಸೇರ್ಕೊಂಡಿದಾನೆ. ಪಕ್ಕದ ಮನೆ ಟೈಲರು?

ಮೆಕ್ಯಾನಿಕ್: ಅವನಿಗೆ ಸೈಕಲ್ಲೇ ಸರಿಯಾಗಿ ಬರಲ್ಲ ಸಾರ್.

ಮೇಷ್ಟ್ರು: ಪೇಪರ್ ಹಾಕೋನು?

ಹೆಂಡತಿ: ರೀ, ಈ ಮನೇಲಿ ಕುಳ್ಳಗೆ ಬೇರೆ ಯಾರೂ ಇಲ್ವಾ?

ಮೇಷ್ಟ್ರು: ನೀನಿದೀಯ. ಆದ್ರೆ ನೀನು ಲೆಕ್ಕಕ್ಕಿಲ್ಲ.

ಹೆಂಡತಿ: ಯಾಕಿಲ್ಲ?

ಮೇಷ್ಟ್ರು: ಕಳ್ಳತನಕ್ಕೂ ಒಂದು ಯೋಗ್ಯತೆ ಬೇಕಲ್ವೇನೇ?

ಆಕೆ ತಟ್ಟೆಯನ್ನು ಬಾನೆಟ್ಟಿನ ಮೇಲೆ ಟಕ್ಕನೆ ಇಟ್ಟಳು. ಸಂಘದ ಅಧ್ಯಕ್ಷರ ಕಾರಿನ ಮೇಲೆ ಲೋಟ ಇಡುವುದೆಂದರೆ ಸಾಮಾನ್ಯ ಅಪರಾಧವಲ್ಲ. ಆದರೆ ಮೇಷ್ಟ್ರು ಕೀ ತಿರುಗಿಸಿ ಪೆಟ್ರೋಲಿನ ಮುಳ್ಳು ನೋಡುವುದರಲ್ಲಿ ಮುಳುಗಿದ್ದರು.

ಮೇಷ್ಟ್ರು: ಇದು ನೋಡು ವಿಚಿತ್ರ. ಟ್ಯಾಂಕು ತುಂಬಿದ್ದು ತುಂಬಿದ ಹಾಗೇ ಇದೆ. ಓಡಿಸಿದವನು ಪೆಟ್ರೋಲನ್ನೂ ಹಾಕಿಟ್ಟಿದಾನೆ!

ಹೆಂಡತಿ: ಪಾಪ, ಮರ್ಯಾದಸ್ಥ ಕಳ್ಳ.

ಮೇಷ್ಟ್ರು: ಗಾಜು ಕೂಡ ಒರೆಸಿದಾನೆ.

ಹೆಂಡತಿ: ನೀವು ಒರೆಸೋದಕ್ಕಿಂತ ಚೆನ್ನಾಗಿ.

ಮೇಷ್ಟ್ರು: ಹೌದು, ಚೆನ್ನಾಗೇ ಒರೆಸಿದಾನೆ. (ಎಚ್ಚೆತ್ತು, ಕಾರಿನಿಂದ ಇಳಿದು) ಕಳ್ಳನಿಗೆ ನೀನ್ಯಾಕೆ ವಕಾಲತ್ತು ವಹಿಸ್ತೀಯ? ಲೋ, ಈಚೆ ಬಾ. ನಾನು ಸಭೆಗೆ ಹೋದಾಗ ಕೀ ನಿನ್ನ ಕೈಗೆ ಸಿಗುತ್ತೆ. ಇವಳು ಸರ್ವೀಸು ಅಂದ್ರೆ ಸರ್ವೀಸು ಅಂತ ನಂಬ್ತಾಳೆ, ಪೆದ್ದಿ. ಹೊಸ ಪ್ಯಾಡು ಕೂರಿಸು, ಚಕ್ರ ಹಾಕು, ಹೊರಡು. ಇನ್ಮೇಲೆ ಈ ಶೆಡ್ಡಿನ ಕಡೆ ತಲೆ ಹಾಕಬೇಡ.

ಮೆಕ್ಯಾನಿಕ್ ಈಚೆ ಬಂದು ಸ್ಪ್ಯಾನರ್ ಎತ್ತಿಕೊಂಡ. ಮನೆಯ ಬೀರುವಿನಿಂದ ಬಂದ ಕಡೆಯ ಜೊತೆ ಪ್ಯಾಡು ಅದು. ಆ ಬೀರುವಿನಲ್ಲಿ ಹೊದಿಕೆ, ದಿಂಬಿನ ಕವರುಗಳ ನಡುವೆ ವಾಟರ್ ಪಂಪು, ಡಿಸ್ಟ್ರಿಬ್ಯೂಟರ್ ಕ್ಯಾಪು, ಬಾಗಿಲ ರಬ್ಬರು ಎಲ್ಲ ಮಡಿಸಿಟ್ಟಂತೆ ಇರುತ್ತಿದ್ದವು. ಅವನು ಪ್ಯಾಡು ಕೂರಿಸಿ, ಚಕ್ರ ಹಾಕಿ, ಜಾಕು ಇಳಿಸಿದ. ಊರಿನಲ್ಲಿ ಈ ಕಾರಿಗೆ ಕೈ ಹಚ್ಚುವ ಧೈರ್ಯ ಇದ್ದವನು ಅವನೊಬ್ಬನೇ. ಮೇಷ್ಟ್ರ ಭಾಷಣ ಕೇಳಿ ಗಾಡಿ ನಿಲ್ಲಿಸಿದ ಸಂಘದವರದ್ದೆಲ್ಲ ಬ್ರೇಕು ಹಿಡಿದುಕೊಂಡು, ರಬ್ಬರು ಒಣಗಿ, ಶೆಡ್ಡಿನಲ್ಲೇ ಸಮಾಧಿಯಾಗಿದ್ದವು. ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿದ್ದುದು ಅಧ್ಯಕ್ಷರದ್ದು ಮಾತ್ರ. ಅವರದನ್ನು ಯಾರೋ ಓಡಿಸುತ್ತಿದ್ದರಲ್ಲ!

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತಲ್ಲ ಎಂದು ಆಕೆಗೆ ಕನಿಕರವಾಯಿತು. ಅದು ಒಂದು ಪಾಲು. ಸುಳ್ಳು ಯಾಕೆ, ಪೆದ್ದಿ ಅನ್ನಿಸಿಕೊಂಡ ಉರಿ ಮೂರು ಪಾಲು.

ಹೆಂಡತಿ: ಅವನನ್ನ ಯಾಕೆ ಬೈತೀರಿ? ಗಾಡಿ ಓಡಿಸ್ತಿದ್ದೋಳು ನಾನು.

ಮೇಷ್ಟ್ರು ಆಕೆಯನ್ನೇ ನೋಡಿದರು. ಕಣ್ಣು ಒದ್ದೆಯಾಯಿತು.

ಮೇಷ್ಟ್ರು: ಎಂಥ ದೊಡ್ಡ ಮನಸ್ಸೇ ನಿಂದು!

ಹೆಂಡತಿ: ಏನು?

ಮೇಷ್ಟ್ರು: ಬಡವನ ಕೆಲಸ ಉಳಿಸೋಕೆ ತಪ್ಪು ಮೈಮೇಲೆ ಹಾಕ್ಕೋತಿದೀಯಲ್ಲ. ಆದ್ರೆ ನಂಬೋ ಹಾಗೆ ಹೇಳಬೇಕಿತ್ತು. ಅವತ್ತು ನಾನೇ ಕಲಿಸೋಕೆ ಹೋಗಿ ಕೈಬಿಟ್ಟೆ, ನಿಂಗೆ ರಿವರ್ಸ್ ಎಲ್ಲಿದೆ ಅಂತಾನೇ ಗೊತ್ತಿಲ್ಲ.

ಹೆಂಡತಿ: ಎಡಕ್ಕೆ ಒತ್ತಿ ಮುಂದಕ್ಕೆ ತಳ್ಳಬೇಕು.

ಮೇಷ್ಟ್ರು: ಗಿಳಿ!

ಆಕೆ ಲೋಟಗಳ ತಟ್ಟೆಯನ್ನು ಎತ್ತಿ ಗಂಡನ ಕೈಗೆ ಕೊಟ್ಟಳು. ಕಾರಿನೊಳಗೆ ಕೂತಳು. ಹೊಸ ಪ್ಯಾಡು ಹಾಕಿದ ಮೇಲೆ ಮಾಡಬೇಕಾದ ಹಾಗೆ ಬ್ರೇಕನ್ನು ನಾಲ್ಕಾರು ಸಲ ತುಳಿದು ಗಟ್ಟಿ ಮಾಡಿಕೊಂಡಳು. ಇಂಜಿನ್ ಗುರ್ರೆಂದಿತು. ಆ ಗೇಟಿನಲ್ಲಿ ಕಾರಿನ ಎರಡೂ ಪಕ್ಕಕ್ಕೆ ಉಳಿಯುವುದು ಒಂದೊಂದು ಗೇಣು. ಹಿಂದೊಮ್ಮೆ ಮೇಷ್ಟ್ರು ಹೊರಗೆ ತೆಗೆದಾಗ ಬೀದಿಯವರೆಲ್ಲ ಸೇರಿ "ಎಡಕ್ಕೆ, ಬಲಕ್ಕೆ, ನಿಲ್ಲಿ, ನಿಲ್ಲಿ!" ಎಂದು ಕೂಗಿದ್ದರು. ಈಗ ಯಾರೂ ಕೂಗಲಿಲ್ಲ. ಕಾರು ಹಿಮ್ಮುಖವಾಗಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೊರಗೆ ಬಂದು, ಬೀದಿಯಲ್ಲಿ ತಿರುಗಿ ನಿಂತಿತು.

ಮೇಷ್ಟ್ರು ಟೀ ತಟ್ಟೆ ಹಿಡಿದುಕೊಂಡು ಹಿಂದೆಯೇ ಬಂದರು. ತಟ್ಟೆಯನ್ನು ಗೇಟಿನ ಕಂಬದ ಮೇಲಿಟ್ಟರು. ಬಯ್ಯುತ್ತಾರೆಂದು ಆಕೆ ಕಾದಳು. ಅವರು ಇನ್ನೊಂದು ಪಕ್ಕದ ಬಾಗಿಲು ತೆರೆದು ಒಳಗೆ ಕೂತು, ಗಾಜು ಏರಿಸಿ, ದನಿ ಇಳಿಸಿದರು.

ಮೇಷ್ಟ್ರು: ಮಾರ್ಕೆಟ್ ಹತ್ರ ಏರು ಇದೆಯಲ್ಲ.

ಹೆಂಡತಿ: ಇದೆ.

ಮೇಷ್ಟ್ರು: ಅಲ್ಲಿ ಮಧ್ಯದಲ್ಲಿ ಸಿಗ್ನಲ್ ಬೀಳುತ್ತೆ.

ಹೆಂಡತಿ: ಬೀಳುತ್ತೆ.

ಮೇಷ್ಟ್ರು: ಮತ್ತೆ ಹೊರಡುವಾಗ ಗಾಡಿ ಹಿಂದಕ್ಕೆ ಜಾರಲ್ವೇನೇ?

ಹೆಂಡತಿ: ಯಾಕೆ ಜಾರುತ್ತೆ? ಹ್ಯಾಂಡ್‌ಬ್ರೇಕ್ ಹಿಡಿದು, ಕ್ಲಚ್ ಮೆಲ್ಲಗೆ ಬಿಡ್ತಾ, ಗಾಡಿ ಮುಂದಕ್ಕೆ ತುಯ್ದಾಗ... (ನಿಲ್ಲಿಸಿ) ಯಾಕ್ರೀ?

ಮೇಷ್ಟ್ರು: ನಂಗೆ ಜಾರಿತ್ತು. ಹಿಂದೆ ಬಸ್ಸು. ಅದರ ಡ್ರೈವರು ಇಳಿದು ಬಂದು, ಎದ್ದೇಳಿ ತಾತ ಅಂತ ನನ್ನನ್ನ ಎಬ್ಬಿಸಿ, ತಾನೇ ಏರು ಹತ್ತಿಸಿಕೊಟ್ಟ. ಬಸ್ಸಲ್ಲಿದ್ದೋರೆಲ್ಲ ಚಪ್ಪಾಳೆ ಹೊಡೆದ್ರು.

ಹೆಂಡತಿ: ಯಾವಾಗ?

ಮೇಷ್ಟ್ರು: ಅವತ್ತಿಂದಲೇ ಕಣೇ ಈ ಸಂರಕ್ಷಣೆ ಶುರುವಾಗಿದ್ದು.

ಆಕೆಗೆ ನಗು ಉಕ್ಕಿ ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇವರು ಆ ಡೊಂಕಿಗೊಂದು ಸಂಘ ಕಟ್ಟಿ ಅಧ್ಯಕ್ಷರೂ ಆದರು. ಆದರೆ ತೊಡೆಯ ಮೇಲೆ ಕೈಯಿಟ್ಟು, ಫೇಲಾದ ಹುಡುಗನ ಹಾಗೆ ಕೂತ ಗಂಡನನ್ನು ಕಂಡು ನಗು ನುಂಗಿಕೊಂಡಳು. ಇಷ್ಟು ವರ್ಷ ಈ ಅವಮಾನವನ್ನು ಒಬ್ಬರೇ ಹೊತ್ತುಕೊಂಡು ಓಡಾಡಿದ್ದಾರಲ್ಲ ಎಂದುಕೊಂಡಳು.

ಮೇಷ್ಟ್ರು: ನಂಗೆ ಹೇಳಿಕೊಡ್ತೀಯಾ?

ಹೆಂಡತಿ: ಧಾರಾಳವಾಗಿ. ಅವತ್ತು ನೀವು ನಂಗೆ ಹೇಳಿಕೊಟ್ಟ ಹಾಗೇ ಹೇಳಿಕೊಡ್ತೀನಿ.

ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಆಕೆ ಘರ್ಷಣೆಯ ನಿಯಮ ಒಪ್ಪಿಸಿದ ಮೇಲೆಯೇ ತಾವು ಕೀ ಕೊಟ್ಟದ್ದು, ತಪ್ಪಿದಾಗಲೆಲ್ಲ ಸೀಟಿನಿಂದ ಇಳಿಸಿದ್ದು, ನಡುಬೀದಿಯಲ್ಲಿ ಕೂಗಾಡಿದ್ದು, ಒಂದೊಂದೂ ನೆನಪಾಯಿತು. ಅವರು ಗಾಜು ಇಳಿಸಿ, ಶೆಡ್ಡಿನ ಕಡೆ ಕತ್ತು ಚಾಚಿದರು. ಮೆಕ್ಯಾನಿಕ್ ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬುತ್ತಿದ್ದ.

ಮೇಷ್ಟ್ರು: ಅಪ್ಪಾ, ನಾಳೆ ಬೆಳಿಗ್ಗೆ ಬಾರಯ್ಯ!

ಮೆಕ್ಯಾನಿಕ್: ತಲೆ ಹಾಕಬೇಡ ಅಂದ್ರಲ್ಲ ಸಾರ್?

ಮೇಷ್ಟ್ರು: ಕೋಪದಲ್ಲಿ ಅಂದೆ, ಅದನ್ನೆಲ್ಲ ಹಿಡ್ಕೋತಾರಾ? ಕೆಲಸ ನಿಂದೇ. ಜೊತೆಗೆ ಇನ್ನೊಂದು ಉಪಕಾರ ಮಾಡು. ಮಾರ್ಕೆಟ್ ಏರಿನಲ್ಲಿ ಈ ಗಾಡಿ ಹತ್ತಿಸೋದು ನಂಗೆ ನೀನೇ ಹೇಳಿಕೊಡಬೇಕು.

ಮೆಕ್ಯಾನಿಕ್ ಚೀಲ ಕೆಳಗಿಟ್ಟ. ಒಮ್ಮೆ ಅಮ್ಮನನ್ನು ನೋಡಿದ, ಒಮ್ಮೆ ಮೇಷ್ಟ್ರನ್ನು ನೋಡಿದ.

ಮೆಕ್ಯಾನಿಕ್: ಬೇಜಾರು ಮಾಡ್ಕೋಬೇಡಿ ಸಾರ್. ನಂಗೆ ಅದನ್ನ ಹೇಳಿಕೊಟ್ಟಿದ್ದೇ ಅಮ್ಮ.